ಸಾಹೇಬರು 640 ಎಂಬಿ

ಕರ್ನಾಟಕದ ಸರ್ಕಾರಿ ನೌಕರರಲ್ಲಿ ಒಂದು ದೊಡ್ಡ ಗುಂಪು ಹುಟ್ಟಿದ್ದು ಜೂನ್ 1ನೇ ತಾರೀಕು. ಅವರ ತಾಯಂದಿರನ್ನು ಕೇಳಿ ನೋಡಿ. ರಾಗಿ ಕುಯ್ಯುವಾಗ, ದೀಪಾವಳಿ ಆಸುಪಾಸು, ಹಸು ಕರು ಹಾಕಿದ ವಾರ ಅಂತಾರೆ. ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಮೇಷ್ಟ್ರು ಜೂನ್ 1 ಎಂದು ಬರೆದರು, ಮುಗೀತು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ ಆಗಬೇಕು. ಹಾಗಾಗಿ ಮೇ 31 ಬಂತೆಂದರೆ ಊರೂರಲ್ಲೂ ಶಾಲು, ಗಂಧದ ಹಾರ, ಮೈಸೂರು ಪೇಟಗಳಿಗೆ ಸುಗ್ಗಿ. ಈಚೆಗೆ ಆ ಪಟ್ಟಿಗೆ ಇನ್ನೊಂದು ಐಟಂ ಸೇರಿದೆ. ಪಿಪಿಟಿ, ಅಂದರೆ ಪವರ್‌ಪಾಯಿಂಟಿನಲ್ಲಿ ಜೋಡಿಸಿ ಪರದೆಗೆ ಬಿಡುವ ಫೋಟೋಗಳ ಸಾಲು. ಹಾಡಿನ ಸಮೇತ.

ನಮ್ಮ ಆಫೀಸಿನಲ್ಲಿ ಅದನ್ನು ಮಾಡುವವನು ನಾನು. ವಯಸ್ಸು 47, ಆದರೂ ಎಲ್ಲರಿಗೂ ‘ಕಂಪ್ಯೂಟರ್ ಹುಡುಗ’. ಹಿಂದೆ ಯಾವಾಗಲೋ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದೆ ಎಳೆದಿದ್ದೆ. ಅವತ್ತೇ ಕಟ್ಟಿದ ಪಟ್ಟ.

ಹೋದ ಸಲದ ಸಾಹೇಬರ ಬೀಳ್ಕೊಡುಗೆಯಲ್ಲಿ ಒಂದು ಅಪಚಾರ ನಡೆದಿತ್ತು. ಫೋಟೋಗಳು ಬಂದವು, ಹಾಡು ಬರಲಿಲ್ಲ. ಯಾರೋ ಹಾಡನ್ನು ಫೈಲಿನೊಳಗೆ ಇಡದೆ ಬರೀ ಲಿಂಕ್ ಕೊಟ್ಟಿದ್ದರು. ಪಿಪಿಟಿ ಪೆನ್‌ಡ್ರೈವಿನಲ್ಲಿ ಸಭೆಗೆ ಬಂತು, ಹಾಡು ಅವರ ಮನೆಯ ಕಂಪ್ಯೂಟರಿನಲ್ಲೇ ಉಳೀತು. ಪರದೆಯ ಮೂಲೆಯಲ್ಲಿ ಸ್ಪೀಕರ್ ಚಿತ್ರವೊಂದು ಸುಮ್ನೆ ಕೂತಿತ್ತು. ಸಾಹೇಬರು ದೀಪ ಬೆಳಗುತ್ತಿದ್ದರು, ಸಭೆ ಕೆಮ್ಮುತ್ತಿತ್ತು.

ಒಂದು ಕಾಲದಲ್ಲಿ ಇದು ಎಲ್ಲರ ಪಾಡಾಗಿತ್ತು. ಪವರ್‌ಪಾಯಿಂಟ್ 2010 ಬರುವ ಮುಂಚೆ ಎಂಪಿ3 ಹಾಡಿಗೆ ಫೈಲಿನೊಳಗೆ ಪ್ರವೇಶವೇ ಇರಲಿಲ್ಲ, ಹೊರಗೇ ನಿಲ್ಲಬೇಕಿತ್ತು. ವೇವ್ ಫೈಲಿಗೆ, ಅಂದರೆ ದನಿಯನ್ನು ಕುಗ್ಗಿಸದೆ ಹಾಗೇ ಇಟ್ಟ ಫೈಲಿಗೆ, ಒಳಗೆ ಜಾಗ ಇತ್ತು. ಆದರೆ ಸೆಟ್ಟಿಂಗಿನಲ್ಲಿ ಕೈಯಾಡಿಸದಿದ್ದರೆ 100 ಕೆಬಿ ತನಕ ಮಾತ್ರ. ಸಿಡಿ ಗುಣಮಟ್ಟದ ವೇವ್‌ನಲ್ಲಿ 100 ಕೆಬಿ ಅಂದರೆ ಅರ್ಧ ಸೆಕೆಂಡು ಚಿಲ್ಲರೆ. ಗಾಯಕ ಬಾಯಿ ತೆರೆಯುವಷ್ಟರಲ್ಲಿ ಕಾರ್ಯಕ್ರಮ ಮುಗಿದಿರುತ್ತೆ. ಆಗಿನ ಚಾಲಾಕಿಗಳು ಎಂಪಿ3 ಹಾಡಿಗೆ ವೇವ್ ಅಂಗಿ ತೊಡಿಸಿ ಒಳಗೆ ನುಗ್ಗಿಸುತ್ತಿದ್ದರು. ಸುಳ್ಳು ಜಾತಿ ಸರ್ಟಿಫಿಕೇಟಿನಂತೆ.

ಈ ಸಲ ಹಾಗಾಗಬಾರದು ಎಂದು ಸೂಪರಿಂಟೆಂಡೆಂಟರು ಸಮಿತಿ ಮಾಡಿದರು. ಮೂರು ಸಭೆ, ಮೂರು ಸಲ ಉಪ್ಪಿಟ್ಟು. ಮೊದಲ ಸಭೆಯಲ್ಲಿ ಒಬ್ಬರು ಶಹನಾಯಿ ಹಾಕೋಣ ಎಂದರು.

“ರೀ, ದೊಡ್ಡವರು ಯಾರಾದ್ರೂ ತೀರಿಕೊಂಡಾಗ ಟೀವೀಲಿ ಅದನ್ನೇ ಹಾಕ್ತಿದ್ರು. ಸಾಹೇಬರು ಇನ್ನೂ ಇದ್ದಾರೆ” ಎಂದರು ಮೇಡಂ.

ಕೊನೆಗೆ ಒಂದು ದಾಸರ ಪದ, ಒಂದು ಭಾವಗೀತೆ, ಒಂದು ಕೊಳಲು ಎಂದು ತೀರ್ಮಾನವಾಯಿತು. ಮೂರೂ ನಾಲ್ಕು ನಾಲ್ಕು ನಿಮಿಷ. “ಒರಿಜಿನಲ್ ಕ್ವಾಲಿಟೀನೇ ಇರಬೇಕು” ಎಂದು ಸೂಪರಿಂಟೆಂಡೆಂಟರು ತಮ್ಮ ಅಕ್ಕನ ಮಗನ ಕೈಲಿ ಸಿಡಿಯಿಂದ ತೆಗೆಸಿದ ವೇವ್ ಫೈಲುಗಳನ್ನು ತಂದುಕೊಟ್ಟರು. ಅದರಲ್ಲಿ ಒಂದು ಸೆಕೆಂಡಿಗೆ ದನಿಯನ್ನು 44,100 ಸಲ ಅಳೆದು ಬರೆದಿರುತ್ತಾರೆ, ಎಡಗಿವಿಗೆ ಬೇರೆ, ಬಲಗಿವಿಗೆ ಬೇರೆ. ನಿಮಿಷಕ್ಕೆ ಸುಮಾರು 10 ಎಂಬಿ. ಮೂರು ಹಾಡಿಗೆ 120. ಇದನ್ನು ನಾವು ಕೇಳಿಸುವುದು ರಾಜ್ಯೋತ್ಸವದ ಮೈಕ್ ಸೆಟ್ಟಿನಲ್ಲಿ. ಅದಕ್ಕಿರುವುದು ಒಂದೇ ಹಾರ್ನು, ಅದೂ ಕ್ಯಾಂಟೀನ್ ಕಡೆಗೆ ಮುಖ ಮಾಡಿದೆ.

ಫೋಟೋಗಳು 130, ಒಂದೊಂದೂ 4 ಎಂಬಿ. ಅದರಲ್ಲಿ 17 ಒಂದೇ ದೀಪದ್ದು. ಕಡ್ಡಿ ಗೀರಿದ್ದು, ಗಾಳಿಗೆ ಆರಿದ್ದು, ಯಾರೋ ಕೈ ಅಡ್ಡ ಹಿಡಿದದ್ದು, ಆ ಕೈಯನ್ನು ಇನ್ಯಾರೋ ಸರಿಸಿದ್ದು. ಮೊಬೈಲ್ ಫೋಟೋ ಒಂದರಲ್ಲಿ 1 ಕೋಟಿ 20 ಲಕ್ಷ ಚುಕ್ಕೆ. ನಮ್ಮ ಪ್ರೊಜೆಕ್ಟರ್ ತೋರಿಸುವುದು 1024ಕ್ಕೆ 768, ಅಂದರೆ 8 ಲಕ್ಷವೂ ಇಲ್ಲ. ಮಿಕ್ಕ ಒಂದು ಕೋಟಿ ಚಿಲ್ಲರೆ ಚುಕ್ಕೆಗಳು ಹಾಜರಿ ಹಾಕಿ, ಕೆಲಸ ಮಾಡದೆ ಕೂತಿರುತ್ತವೆ. ಆಫೀಸಿನ ಕಂಪ್ಯೂಟರಿಗೆ ಅದೇನೂ ಹೊಸ ದೃಶ್ಯ ಅಲ್ಲ, ಬಿಡಿ.

ಒಟ್ಟು 640 ಎಂಬಿ.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಫೋನು. ಪಿಪಿಟಿಯನ್ನು ಅನುಮೋದನೆಗಾಗಿ ಮೇಲ್ ಮಾಡಿ. ಜಿಮೇಲಿನ ಮಿತಿ 25 ಎಂಬಿ. ಕಳಿಸುವಾಗ ಫೈಲು ಮೂರನೇ ಒಂದು ಭಾಗ ಉಬ್ಬುವುದರಿಂದ ನಿಜವಾಗಿ ಹಿಡಿಸುವುದು 18ರ ಆಸುಪಾಸು. “ಜಿಪ್ ಮಾಡಿ” ಎಂದರು ಸೂಪರಿಂಟೆಂಡೆಂಟರು. ಈಗಿನ ಪಿಪಿಟಿ ಫೈಲು ತಾನೇ ಒಂದು ಜಿಪ್ಪು ಸಾರ್, ಚೀಲವನ್ನು ಇನ್ನೊಂದು ಚೀಲಕ್ಕೆ ಹಾಕಿದರೆ ಅಕ್ಕಿ ಕಮ್ಮಿ ಆಗಲ್ಲ ಎಂದೆ. ಒಪ್ಪಲಿಲ್ಲ. ಕೊನೆಗೆ ತುಂಡು ಮಾಡಿ 36 ಮೇಲುಗಳಲ್ಲಿ ಕಳಿಸಿದೆವು. ಸಾಹೇಬರ ಸರ್ವೀಸೂ 36 ವರ್ಷ, ವರ್ಷಕ್ಕೊಂದು ಮೇಲು. ಅಲ್ಲಿನ ಟಪಾಲು ವಿಭಾಗ ಮೂವತ್ತಾರಕ್ಕೂ ಬೇರೆ ಬೇರೆ ಆವಕ ಸಂಖ್ಯೆ ಕೊಟ್ಟು, ‘ಭಾಗ 19 ಸ್ಪಷ್ಟವಾಗಿಲ್ಲ, ಮರುಸಲ್ಲಿಸಿ’ ಎಂದು ಉತ್ತರಿಸಿತು. ಭಾಗ 19ರಲ್ಲಿ ಇದ್ದದ್ದು ಆರಿದ ದೀಪ.

ನನಗೆ ತಡೆಯಲಿಲ್ಲ. ಒಂದು ಸಂಜೆ ಕೂತು ಫೋಟೋಗಳನ್ನು ಪ್ರೊಜೆಕ್ಟರಿನ ಅಳತೆಗೆ ಇಳಿಸಿದೆ, ಒಂದೊಂದೂ 150 ಕೆಬಿ ಆಯಿತು. ಹಾಡುಗಳನ್ನು 64 ಕೆಬಿಪಿಎಸ್‌ನ ಎಂಪಿ3 ಮಾಡಿದೆ, ಮೋನೋ. ಇರುವುದೇ ಒಂದು ಹಾರ್ನು, ಎರಡು ಕಿವಿಗೆ ಬೇರೆ ಬೇರೆ ಯಾಕೆ? ನಾಲ್ಕು ನಿಮಿಷದ ಹಾಡು 2 ಎಂಬಿಗೆ ಕೂತಿತು. ಒಟ್ಟು 26. ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ.

ಮರುದಿನ ಹೆಮ್ಮೆಯಿಂದ ತೋರಿಸಿದೆ. ಸೂಪರಿಂಟೆಂಡೆಂಟರ ಮುಖ ಸಣ್ಣಗಾಯಿತು.

“ಏನ್ರೀ ಇದು, ಇಪ್ಪತ್ತಾರಾ? ಹೋದ ಸಲದವರದ್ದು ಮುನ್ನೂರು ಇತ್ತು. ಈ ಸಾಹೇಬರು ಏನು ತಪ್ಪು ಮಾಡಿದ್ರು?”

ಆಗ ಹೊಳೆಯಿತು. ನಾನು ಇದನ್ನು ಫೈಲು ಅಂದುಕೊಂಡಿದ್ದೆ. ಅವರಿಗೆ ಇದು ಹಾರ. ಕ್ರೇನಿನಲ್ಲಿ ಎತ್ತಿ ಹಾಕುವ ಸೇಬಿನ ಹಾರ ಇದೆಯಲ್ಲ, ಅದನ್ನು ಯಾರೂ ಕಂಪ್ರೆಸ್ ಮಾಡಿ ಹಾಕಲ್ಲ.

ಮೇ 31ಕ್ಕೆ ಮೆಲ್ಲಗೆ 26 ಎಂಬಿಯ ಫೈಲನ್ನೇ ಓಡಿಸಿದೆ. ಹೆಸರು ಮಾತ್ರ ‘ಸಾಹೇಬರು_640_ಫೈನಲ್_ಫೈನಲ್’. ಹಾಡು ಸರಾಗವಾಗಿ ಬಂತು. ಹದಿನೇಳು ದೀಪಗಳಿಗೂ ಚಪ್ಪಾಳೆ ಬಿತ್ತು. ಸೂಪರಿಂಟೆಂಡೆಂಟರು ಪಕ್ಕದವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. “ನೋಡಿದ್ರಾ ಕ್ಲಾರಿಟಿ? ಆರುನೂರ ನಲವತ್ತು ಅಂದ್ರೆ ಸುಮ್ನೆನಾ?”

ಸಂಜೆ ಸಾಹೇಬರೇ ಫೋನ್ ಮಾಡಿ ವಾಟ್ಸಾಪಿಗೆ ಒಂದು ಕಾಪಿ ಕೇಳಿದರು. ಕಳಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು. ದನಿ ಒಡೆದಿತ್ತು.

“ಮಗ ನೋಡಿ ಹೇಳಿದ. ಮೂವತ್ತಾರು ವರ್ಷ ದುಡಿದಿದ್ದೀನಿ ಕಣಪ್ಪಾ. ಇಪ್ಪತ್ತಾರು ಎಂಬಿ?”

ಹಾಡು ಹೊಸದಾಗಿ ಹುಡುಕುವಷ್ಟು ಪುರುಸೊತ್ತು ನನಗಿರಲಿಲ್ಲ. ಆದರೆ ವೇವ್ ಫೈಲಿಗೆ ಒಂದು ಗುಣವಿದೆ. ಅದರಲ್ಲಿ ಹಾಡು ತುಂಬಿದರೂ ನಿಮಿಷಕ್ಕೆ 10 ಎಂಬಿ, ಏನೂ ತುಂಬದಿದ್ದರೂ 10 ಎಂಬಿ. ಕೊನೆಯ ಸ್ಲೈಡಿನ ಹಿಂದೆ ಒಂದು ಗಂಟೆ ಒಂದು ನಿಮಿಷದ ನಿಶ್ಶಬ್ದ ಸೇರಿಸಿ, ಸರಿಯಾಗಿ 640 ಮಾಡಿ ಕಳಿಸಿದೆ.

ರಾತ್ರಿ ಹತ್ತೂವರೆಗೆ ಮೆಸೇಜು ಬಂತು. ‘ಈಗ ಸರಿಯಾಯ್ತು. ಹಾಡು ಎಷ್ಟು ಚೆನ್ನಾಗಿ ಕೇಳುತ್ತೆ ನೋಡಿ.’