ಕೆಳಗೆ ಪಂಪು, ಮೇಲೆ ಟ್ಯಾಂಕರು

ಬೆಂಗಳೂರಿನ ನೆಲದಡಿ ನೀರು ಎಷ್ಟು ಆಳದಲ್ಲಿದೆ ಎಂದು ತಿಳಿಯೋಕೆ ಯಾವ ಯಂತ್ರವೂ ಬೇಡ. ಟ್ಯಾಂಕರ್‌ನವರಿಗೆ ಒಂದು ಫೋನ್ ಮಾಡಿ. "ಈಗ್ಲೇ ಕಳಿಸ್ತೀನಿ ಸಾರ್" ಅಂದರೆ ನೀರು ಮೇಲಿದೆ. "ನಾಳೆ ನೋಡೋಣ ಸಾರ್" ಅಂದರೆ ಇಳಿದಿದೆ. ಫೋನೇ ಎತ್ತಲಿಲ್ಲ ಅಂದರೆ ಆ ಕಡೆ ಬೋರುಗಳೆಲ್ಲ ಬತ್ತಿವೆ, ನೀವು ನಾಲ್ಕು ದಿನ ಊರಿಗೆ ಹೋಗಿಬರೋದು ಒಳ್ಳೇದು. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ನೋಡುತ್ತಾರೆ. ಟ್ಯಾಂಕರ್‌ನವರು ದಿನಕ್ಕೆ ನಾಲ್ಕು ಸಲ ನೋಡುತ್ತಾರೆ, ರೇಟನ್ನೂ ಆಗಲೇ ಹೇಳಿಬಿಡುತ್ತಾರೆ. ಯಾರ ಮಾಪನ ಚುರುಕು ಅಂತ ನೀವೇ ಹೇಳಿ.

ದೂರದ ಬಾಸ್ಟನ್‌ನಲ್ಲಿ ಇದಕ್ಕೆಂದೇ ಒಂದು ಟ್ರಸ್ಟ್ ಇದೆ. ಅವರೂ ನಮ್ಮ ಹಾಗೇ, ನೀರಿದ್ದ ಜಾಗಕ್ಕೆ ಮಣ್ಣು ತುಂಬಿ ಊರು ಕಟ್ಟಿದವರು. ಬ್ಯಾಕ್ ಬೇ ಅನ್ನುವ ಬಡಾವಣೆ ಹತ್ತೊಂಬತ್ತನೇ ಶತಮಾನದವರೆಗೂ ಕೊಲ್ಲಿಯ ಕೆಸರು. ರೈಲಿನಲ್ಲಿ ಜಲ್ಲಿ ಮಣ್ಣು ತಂದು ಸುರಿದು, ಮರದ ಕಂಬಗಳನ್ನು ಬಡಿದು ಇಳಿಸಿ, ಅದರ ಮೇಲೆ ಮನೆ, ಚರ್ಚು, ಲೈಬ್ರರಿ ಎಲ್ಲ ಕಟ್ಟಿದರು. ಟ್ರಿನಿಟಿ ಚರ್ಚ್ ಒಂದೇ ಸುಮಾರು 4,500 ಮರದ ಕಂಬಗಳ ಮೇಲೆ ನಿಂತಿದೆ. ಮರ ನೀರಲ್ಲಿ ಮುಳುಗಿದ್ದರೆ ನೂರಾರು ವರ್ಷ ಗಟ್ಟಿ. ನೀರು ಇಳಿದು ಕಂಬದ ತಲೆಗೆ ಗಾಳಿ ತಾಗಿತೋ, ಶಿಲೀಂಧ್ರ ಹಿಡಿದು ಕೊಳೆಯೋಕೆ ಶುರು. 1929ರಲ್ಲಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಗೋಡೆ ಬಿರುಕು ಬಿಟ್ಟಾಗ ಕೆಳಗಿನ ಕಂಬಗಳು ಕೊಳೆತಿದ್ದು ಗೊತ್ತಾಯಿತು. ಎಂಬತ್ತರ ದಶಕದಲ್ಲಿ ಮನೆಗಳಿಗೂ ಅದೇ ಗತಿ ಬಂದಾಗ, 1986ರಲ್ಲಿ ಅಂತರ್ಜಲ ಟ್ರಸ್ಟ್ ಹುಟ್ಟಿತು. ಈಗ 800ಕ್ಕೂ ಹೆಚ್ಚು ಸಣ್ಣ ಬಾವಿಗಳು. ಬಹಳಷ್ಟು ಫುಟ್‌ಪಾತ್‌ನಲ್ಲೇ ಇವೆ. ಮುಚ್ಚಳ ತೆಗೆದು ಟೇಪು ಇಳಿಸಿ ಮಟ್ಟ ನೋಡುತ್ತಾರೆ, ಅಂಕಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಅಷ್ಟೇ ಅವರ ಕೆಲಸ.

ನಮ್ಮ ಫುಟ್‌ಪಾತ್‌ನಲ್ಲಿ ತೂತುಗಳಿಗೇನು ಕಮ್ಮಿ? ಟೇಪು ಒಂದು ತಂದರೆ ಆಯಿತು.

ಆದರೆ ನಮಗೂ ಅವರಿಗೂ ಒಂದು ವ್ಯತ್ಯಾಸ ಇದೆ. ಅವರು ತುಂಬಿದ್ದು ಉಪ್ಪುನೀರಿನ ಕೊಲ್ಲಿ, ನಾವು ತುಂಬಿದ್ದು ಕುಡಿಯುವ ನೀರಿನ ಕೆರೆ. ಅದರಲ್ಲೂ ನಮ್ಮವರು ಕ್ರೀಡಾಪ್ರೇಮಿಗಳು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣ ಆಯಿತು. ಚಲ್ಲಘಟ್ಟ ಕೆರೆಯ ಜಾಗದಲ್ಲಿ ಗಾಲ್ಫ್ ಆಡುತ್ತಾರೆ. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಬಂದಾಗ ಆಟಗಾರರಿಗೆ ಮನೆ ಬೇಕಾಯಿತು, ಕೋರಮಂಗಲದಲ್ಲಿ ಒಂದು ಕೆರೆ ಅಂಗಳ ಅದಕ್ಕೆ ಹೋಯಿತು. ಒಲಿಂಪಿಕ್ಸ್ ಒಂದು ಬಂದಿದ್ದರೆ ಉಳಿದ ಕೆರೆಗಳೂ ದೇಶಕ್ಕೆ ಕೀರ್ತಿ ತರುತ್ತಿದ್ದವು. ಧರ್ಮಾಂಬುಧಿ ಮಾತ್ರ ಆಟಕ್ಕೆ ಸೇರಲಿಲ್ಲ, ಅಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಆದರೂ ಸಂಜೆ ಆರು ಗಂಟೆಗೆ ಬಸ್ ಹಿಡಿಯೋರನ್ನು ನೋಡಿದರೆ ಅದನ್ನೂ ಅಥ್ಲೆಟಿಕ್ಸ್‌ಗೇ ಸೇರಿಸಬಹುದು ಅನ್ನಿಸುತ್ತದೆ.

ಸಂಪಂಗಿ ಕೆರೆಯಲ್ಲಿ ಒಂದು ಚೂರು ಇನ್ನೂ ಉಳಿದಿದೆ, ಕಂಠೀರವದ ಪಕ್ಕದಲ್ಲಿ ಚೌಕಾಕಾರದ ಪುಟ್ಟ ಕೊಳ. ಅದು ಉಳಿದಿದ್ದು ಕರಗದ ಪೂಜೆಗೆ ಬೇಕು ಅಂತ. ನಮ್ಮವರು ದೇವರಿಗೆ ಹೆದರಿದಷ್ಟು ಅಂತರ್ಜಲಕ್ಕೆ ಹೆದರಿದ್ದರೆ ಇನ್ನೂ ನಾಲ್ಕು ಕೊಳ ಸಿಗುತ್ತಿತ್ತೇನೋ.

ಮೊದಲು ಈ ಅಳತೆಯ ಕೆಲಸಕ್ಕೆ ನೀರುಗಂಟಿ ಇದ್ದ. ಕೆರೆಯಲ್ಲಿ ನೀರು ಎಷ್ಟಿದೆ, ತೂಬು ಯಾವಾಗ ಎತ್ತಬೇಕು, ಕೋಡಿ ಬಿದ್ದರೆ ಮುಂದಿನ ಕೆರೆಗೆ ಹೋಗುತ್ತದೋ ಇಲ್ಲವೋ, ಎಲ್ಲ ಅವನ ತಲೆಯಲ್ಲಿ. ಕೆರೆ ತುಂಬಿದರೆ ಸುತ್ತಲ ಬಾವಿಗಳೂ ಮೇಲೆ ಬರುತ್ತಿದ್ದವು, ಹಗ್ಗ ಎಷ್ಟು ಮೊಳ ಇಳಿಯಿತು ಅಂತ ಮನೆ ಹೆಂಗಸರೇ ಮಟ್ಟ ಹೇಳುತ್ತಿದ್ದರು. ಆಮೇಲೆ ಕೆರೆ ಹೋಯಿತು, ನೀರುಗಂಟಿಯೂ ಹೋದ. ಅವನ ಜಾಗಕ್ಕೆ ಕೆರೆ ಉಳಿಸೋದು ಹೇಗೆ, ಒತ್ತುವರಿ ಎಷ್ಟಾಗಿದೆ ಅಂತ ನೋಡುವ ಸಮಿತಿಗಳು ಬಂದವು. ಲಕ್ಷ್ಮಣ ರಾವ್ ಸಮಿತಿ, ಎ.ಟಿ. ರಾಮಸ್ವಾಮಿ ಸಮಿತಿ, ಕೋಳಿವಾಡ ಸಮಿತಿ. ತಪ್ಪು ತಿಳಿಯಬೇಡಿ, ಅವರೆಲ್ಲ ಕಷ್ಟಪಟ್ಟು ಕೆಲಸ ಮಾಡಿದವರೇ, ವರದಿಗಳೂ ದಪ್ಪಗಿವೆ. ಆ ವರದಿಗಳನ್ನೆಲ್ಲ ಒಟ್ಟಿಗೆ ತಂದು ಸುರಿದರೆ ಇನ್ನೊಂದು ಸಣ್ಣ ಕೆರೆ ಮುಚ್ಚಬಹುದು.

2024ರ ಮಾರ್ಚ್ ನೆನಪಿದೆ ಅಲ್ವಾ? ಸರ್ಕಾರದ ಲೆಕ್ಕದಲ್ಲೇ ನಗರದ 13,900 ಬೋರ್‌ವೆಲ್‌ಗಳಲ್ಲಿ 6,900 ಬತ್ತಿದ್ದವು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ತಮ್ಮ ಮನೆಯ ಬೋರ್‌ವೆಲ್ಲೂ ಬತ್ತಿದೆ ಎಂದರು. ಕೇಳಿ ನನಗೆ ಒಂಥರಾ ಸಮಾಧಾನ ಆಯಿತು. ಈ ಊರಲ್ಲಿ ಸಮಾನತೆ ಅನ್ನೋದು ಎಲ್ಲಾದರೂ ಇದ್ದರೆ ಅದು ಸಾವಿರ ಅಡಿ ಕೆಳಗೇ ಇರಬೇಕು. ನೀರಿನ ಮಟ್ಟ ಏರಿಸೋದು ಕಷ್ಟ, ಆದ್ದರಿಂದ ರೇಟು ಇಳಿಸುವ ಆದೇಶ ಬಂತು. 5 ಕಿ.ಮೀ. ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ಆ ರೇಟಿಗೆ ಕೇಳಿದರೆ ಟ್ಯಾಂಕರ್‌ನವರ ಉತ್ತರ ರೆಡಿ ಇರುತ್ತಿತ್ತು: "ಅದು ಪೇಪರ್ ಟ್ಯಾಂಕರ್ ಸಾರ್, ನಮ್ದು ಲಾರಿ ಟ್ಯಾಂಕರ್."

ಅದೇ ತಿಂಗಳು ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದರು. 22 ಮನೆಯವರನ್ನು ಹಿಡಿದು 1.1 ಲಕ್ಷ ವಸೂಲಿಯನ್ನೂ ಮಾಡಿದರು. ಕೋಟಿಗೂ ಜಾಸ್ತಿ ಜನ ಇರುವ ಊರಿನ ಅಂತರ್ಜಲವನ್ನು ಕುಡಿದು ಮುಗಿಸಿದ ಆ 22 ಮನೆಗಳನ್ನು ಒಮ್ಮೆ ನೋಡಿ ಬರಬೇಕು ಅಂತ ನನಗೆ ಬಹಳ ಆಸೆ ಇತ್ತು. ಜೊತೆಗೆ, ಬೋರ್‌ವೆಲ್‌ಗಳಿಗೆ ಸೆನ್ಸರ್ ಕೂರಿಸಿ ಕೃತಕ ಬುದ್ಧಿಮತ್ತೆಯಿಂದ ಮಟ್ಟ ನೋಡುತ್ತೇವೆ ಎಂದು ಜಲಮಂಡಳಿ ಹೇಳಿತು. ತಮಾಷೆ ಬಿಡಿ, ಅದು ಒಳ್ಳೇದೇ. ನೀರಿಲ್ಲದ ಬೋರಲ್ಲಿ ಮೋಟರ್ ಓಡಿ ಸುಟ್ಟುಹೋಗೋದಾದರೂ ತಪ್ಪುತ್ತದೆ. ಸಹಜ ಬುದ್ಧಿಯಲ್ಲಿ ನಲವತ್ತು ವರ್ಷ ಪ್ರಯತ್ನಪಟ್ಟು ನೋಡಿ ಆಯಿತಲ್ಲ, ಇನ್ನು ಕೃತಕದ್ದೂ ನೋಡೋಣ.

ಇದಕ್ಕೂ ಒಂದೂವರೆ ವರ್ಷ ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಔಟರ್ ರಿಂಗ್ ರೋಡ್ ಕಡೆಯ ಬಡಾವಣೆಗಳಲ್ಲಿ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ನಿಮಗೆ ಗೊತ್ತೇ ಇದೆ. ನೀರಿನಿಂದ ಜನರನ್ನು ಹೊರಗೆ ತರೋಕೂ ಟ್ರ್ಯಾಕ್ಟರ್, ಜನರಿಗೆ ನೀರು ತಂದುಕೊಡೋಕೂ ಟ್ರ್ಯಾಕ್ಟರ್. ಹಿಂದೆ ಸಿಕ್ಕಿಸುವ ಗಾಡಿ ಒಂದೇ ಬೇರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಂಗಳೂರಿನ ಕೆಳಗೆ ನೀರು ಎರಡು ಅಂತಸ್ತಿನಲ್ಲಿ ಇರುತ್ತದೆ. ಮೇಲಿನದು ಮಣ್ಣು ಮತ್ತು ಪುಡಿಯಾದ ಕಲ್ಲಿನ ಪದರದಲ್ಲಿ, ಹಳೇ ತೆರೆದ ಬಾವಿಗಳಿಗೆ ಸಿಗುತ್ತಿದ್ದ ನೀರು. ಕೆಳಗಿನದು ಗಟ್ಟಿ ಬಂಡೆಯ ಬಿರುಕುಗಳಲ್ಲಿ, ಬೋರ್‌ವೆಲ್ ಹುಡುಕಿಕೊಂಡು ಹೋಗುವ ನೀರು. ಕೆಳಗಿನದನ್ನು ಮಳೆ ತುಂಬೋದಕ್ಕಿಂತ ಜೋರಾಗಿ ಎತ್ತಿ ಖಾಲಿ ಮಾಡಿದ್ದೇವೆ. ಆದರೆ ಕೆರೆ ಅಂಗಳದಲ್ಲಿ ಮೇಲಿನ ಅಂತಸ್ತಿನ ನೀರು ಇನ್ನೂ ಅಲ್ಲೇ ಇರುತ್ತದೆ. ಮಣ್ಣು ಸುರಿದು ಖಾತೆ ಮಾಡಿಸಿಕೊಂಡ ಮಾತ್ರಕ್ಕೆ ಜಾಗ ಖಾಲಿ ಮಾಡೋಕೆ ಅದೇನು ಬಾಡಿಗೆದಾರನಾ?

ನಮ್ಮ ಕಡೆ ಹೀಗೆ ಕೆರೆ ಅಂಗಳದಲ್ಲಿ ಎದ್ದ ಒಂದು ಅಪಾರ್ಟ್‌ಮೆಂಟ್ ಇದೆ, ಹೆಸರು ಬೇಡ. ಕಾರು ನಿಲ್ಲಿಸೋಕೆ ಎರಡು ಬೇಸ್‌ಮೆಂಟ್ ತೋಡಿದ್ದಾರೆ. ಕೆಳಗಿನ ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಗುಂಡಿ, ಅದರೊಳಗೆ ಪಂಪು. ಗೋಡೆಯಿಂದ ಜಿನುಗಿದ ನೀರೆಲ್ಲ ಗುಂಡಿಗೆ ಬರುತ್ತದೆ, ತುಂಬಿದ ತಕ್ಷಣ ಪಂಪು ತಾನೇ ಆನ್ ಆಗುತ್ತದೆ. ಪೈಪು ರ‍್ಯಾಂಪ್ ಪಕ್ಕ ಮೇಲೆ ಬಂದು ಗೇಟಿನ ಆಚೆ ಮೋರಿಗೆ ಬಾಯಿ ಬಿಟ್ಟಿದೆ. ಹಗಲು ರಾತ್ರಿ ತಿಳಿ ನೀರು ಧಾರೆಯಾಗಿ ಸುರಿಯುತ್ತಲೇ ಇರುತ್ತದೆ. ಅದರಿಂದ ಎಂಟು ಹೆಜ್ಜೆ ದೂರದಲ್ಲಿ ಸಂಪಿನ ಬಾಯಿ. ಅಲ್ಲಿ ಟ್ಯಾಂಕರಿನ ಪೈಪು ಇಳಿದಿರುತ್ತದೆ. ಸೆಕ್ಯೂರಿಟಿಯವರ ಕೈಯಲ್ಲಿ ಒಂದು ಉದ್ದ ರಿಜಿಸ್ಟರ್: ಟ್ಯಾಂಕರ್ ನಂಬರು, ಬಂದ ಟೈಮು, ಲೀಟರು, ಡ್ರೈವರ್ ಸಹಿ. ಒಳಗೆ ಬರುವ ಒಂದೊಂದು ಲೀಟರಿಗೂ ಲೆಕ್ಕ ಇದೆ. ಹೊರಗೆ ಹೋಗೋದಕ್ಕೆ ರಿಜಿಸ್ಟರ್ ಇಲ್ಲ.

ಒಂದು ದಿನ ಡ್ರೈವರ್ ಆ ಧಾರೆಯನ್ನೇ ನೋಡುತ್ತಾ ನಿಂತಿದ್ದ. ಸೆಕ್ರೆಟರಿ ಬಂದಾಗ ಕೇಳಿದ, "ಸಾರ್, ಇದು ಹೆಂಗೂ ಮೋರಿಗೆ ಹೋಗ್ತಿದೆ. ವಾಪಸ್ ಹೋಗೋವಾಗ ನಾನೇ ತುಂಬ್ಕೊಂಡು ಹೋಗ್ಲಾ?"

"ಏಯ್, ಅದೆಲ್ಲ ಆಗಲ್ಲಪ್ಪ. ಸೊಸೈಟಿ ಪ್ರಾಪರ್ಟಿ ಅದು. ಕಮಿಟೀಲಿ ಇಡ್ಬೇಕು."

"ಆಯ್ತು ಬಿಡಿ ಸಾರ್," ಅಂದ ಡ್ರೈವರ್. ನಕ್ಕನೋ ಇಲ್ಲವೋ ಗೊತ್ತಿಲ್ಲ, ಬೀಡಿ ಹಚ್ಚಿದ.

ಆ ನೀರನ್ನು ಹಾಗೇ ಕುಡಿಯೋಕೆ ಆಗಲ್ಲ, ನಿಜ. ಪಕ್ಕದಲ್ಲೇ ಒಳಚರಂಡಿ ಸೋರುತ್ತಿದ್ದರೆ ಅದೂ ಸೇರಿರುತ್ತದೆ, ಪರೀಕ್ಷೆ ಮಾಡಿಸಲೇಬೇಕು. ಆದರೆ ಫ್ಲಶ್‌ಗೆ, ಗಿಡಕ್ಕೆ, ನೆಲ ಒರೆಸೋಕೆ? ಕಬ್ಬನ್ ಪಾರ್ಕಿನಲ್ಲಿ ಬಾವಿ ತೋಡುವ ಕಸುಬಿನ ಮಣ್ಣು ಒಡ್ಡರು ಹಳೇ ತೆರೆದ ಬಾವಿಗಳ ಹೂಳೆತ್ತಿದಾಗ ನೀರು ಬಂತು, ಅದನ್ನು ಗಿಡಗಳಿಗೆ ಬಿಟ್ಟರು. ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಫ್ಲಶ್‌ಗೆ ಕಾವೇರಿಯೇ ಬೇಕು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿ.ಮೀ., ಅರ್ಧ ಕಿ.ಮೀ.ನಷ್ಟು ಎತ್ತರಕ್ಕೆ ಕರೆಂಟು ಸುಟ್ಟು ಹತ್ತಿಸಿ ತಂದ ನೀರು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಬಂತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಆ ಕಾವೇರಿಯನ್ನು ನಾವು ಫ್ಲಶ್ ಮಾಡುತ್ತೇವೆ. ಅದನ್ನು ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಕಳಿಸುತ್ತಿದ್ದಾರೆ, ಅಲ್ಲಿ ಬತ್ತಿದ್ದ ಬೋರುಗಳಲ್ಲಿ ನೀರು ಮೇಲೆ ಬಂದಿದೆ. ಅಂತರ್ಜಲ ಏರಿಸೋದು ನಮಗೆ ಗೊತ್ತಿಲ್ಲ ಅನ್ನೋ ಹಾಗಿಲ್ಲ. ಗೊತ್ತಿದೆ. ನಮ್ಮ ಊರಲ್ಲಿ ಮಾಡಲ್ಲ, ಅಷ್ಟೇ.

ಮೊನ್ನೆ ಆ ಅಪಾರ್ಟ್‌ಮೆಂಟಿನ ಜನರಲ್ ಬಾಡಿ ಮೀಟಿಂಗ್ ಆಯಿತು. ಮೊದಲನೇ ವಿಷಯ, ಮಳೆಗಾಲ ಬರುತ್ತಿದೆ, ಬೇಸ್‌ಮೆಂಟಿಗೆ ಇನ್ನೂ ದೊಡ್ಡ ಪಂಪು. ಪಾಸ್. ಎರಡನೇದು, ಟ್ಯಾಂಕರ್‌ಗೆ ವರ್ಷದ ಕಾಂಟ್ರ್ಯಾಕ್ಟ್. ಪಾಸ್. ಮೂರನೇದು, ಮಳೆನೀರು ಕೊಯ್ಲು ಮಾಡಿಸಿಲ್ಲ ಅಂತ ನೀರಿನ ಬಿಲ್ಲಿನಲ್ಲಿ ಬರುತ್ತಿರುವ ದಂಡ. 2009ರಿಂದ ಇದು ಕಡ್ಡಾಯ. ಕೊಯ್ಲಿನ ಗುಂಡಿ ತೋಡಿದರೆ ಎರಡು ಕಾರ್ ಪಾರ್ಕಿಂಗ್ ಹೋಗುತ್ತದೆ ಎಂದು ಒಬ್ಬರು ಹೇಳಿದರು, ದಂಡ ಕಟ್ಟೋದು ಎಂದು ಪಾಸ್. ಹಿಂದಿನ ಸಾಲಿನಲ್ಲಿದ್ದ ರಿಟೈರ್ಡ್ ಎಂಜಿನಿಯರ್ ಒಬ್ಬರು ಕೈ ಎತ್ತಿ, "ಮೊದಲನೇ ಐಟಂನ ನೀರನ್ನ ಎರಡನೇ ಐಟಂಗೆ ತಿರುಗಿಸಿದ್ರೆ ಆಗಲ್ವೇನ್ರೀ?" ಅಂದರು. "ಒಳ್ಳೇ ಪಾಯಿಂಟ್ ಅಂಕಲ್, ಆದ್ರೆ ಅಜೆಂಡಾದಲ್ಲಿಲ್ಲ" ಎಂದು ಉತ್ತರ ಬಂತು. ನಾಲ್ಕನೇದು ಹೊಸ ಬೋರ್‌ವೆಲ್. ಚಪ್ಪಾಳೆ.

ಪಾಯಿಂಟ್ ನೋಡುವವರು ಬಂದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಗೇಟಿನಿಂದ ಜಿಮ್‌ವರೆಗೂ ನಡೆದರು. ಅದು ಅಲ್ಲಾಡಲೇ ಇಲ್ಲ. ಬೇಸ್‌ಮೆಂಟಿಗೆ ಇಳಿದರು. ಪಂಪಿನ ಗುಂಡಿ ಪಕ್ಕ ಬಂದ ತಕ್ಷಣ ಕಾಯಿ ಸಟ್ಟನೆ ಎದ್ದು ನಿಂತಿತು. "ಇಲ್ಲೇ ಸಾರ್, ಭರ್ಜರಿ ನೀರಿದೆ" ಅಂದರು. ನನಗೆ ಈ ವಿದ್ಯೆಯಲ್ಲಿ ನಂಬಿಕೆ ಇಲ್ಲ, ಆದರೆ ಅವತ್ತು ಇಡೀ ಕಮಿಟಿಗಿಂತ ಆ ಕಾಯಿಯೇ ವಾಸಿ ಅನ್ನಿಸಿತು. ರಿಗ್ ಲಾರಿ ಬೇಸ್‌ಮೆಂಟಿಗೆ ಇಳಿಯಲ್ಲವಲ್ಲ, ಅದಕ್ಕೆ ಗೇಟಿನ ಹತ್ತಿರವೇ ಕೊರೆಸೋದು ಎಂದು ತೀರ್ಮಾನ ಆಯಿತು. ಬೋರ್ ಕೊರೆಸೋಕೆ 2011ರ ಅಂತರ್ಜಲ ಕಾಯ್ದೆ ಪ್ರಕಾರ ಮೊದಲೇ ಅನುಮತಿ ಬೇಕು. ಲಾರಿ ರಾತ್ರಿ ಬಂತು, ಯಾಕೆ ರಾತ್ರಿ ಅಂತ ಯಾರೂ ಕೇಳಲಿಲ್ಲ.

ಬೆಳಗಿನ ಹೊತ್ತಿಗೆ ಸಾವಿರದ ಮುನ್ನೂರು ಅಡಿ. ಬರೀ ಧೂಳು. ನಾಲ್ಕನೇ ಮಹಡಿವರೆಗೂ ಬಟ್ಟೆ ಒಣಗಿಸುವ ಹಗ್ಗದ ಮೇಲೆಲ್ಲ ಬೂದಿ ಬಣ್ಣ. ಧೂಳು ಅಡಗಿಸೋಕೆ ಸ್ವಲ್ಪ ನೀರು ಬೇಕು ಎಂದು ರಿಗ್‌ನವರು ಕೇಳಿದರು, ಸೆಕ್ರೆಟರಿ ಟ್ಯಾಂಕರ್ ತರಿಸಿಕೊಟ್ಟರು.