ಹಿಂದೆ ಗಾಜಿಲ್ಲ, ಮುಂದೆ ಮಾತಿಲ್ಲ

ಮನೆಯ ಕಿಟಕಿಗೆ ಪರದೆ ಹಾಕಲು ಹೋಗಿ ಕಾರಿನ ಗಾಜು ಕಳೆದುಕೊಂಡವನು ನಾನು. ಇಷ್ಟು ಹೇಳಿದರೆ ಸಾಕು, ಕೇಳಿದವರೆಲ್ಲ ಮುಂದಿನದನ್ನು ತಾವೇ ಊಹಿಸಿಕೊಂಡು ನಗುತ್ತಾರೆ. ಆದರೆ ಅವರ ಊಹೆಯೆಲ್ಲ ತಪ್ಪು. ನಾನು ಯಾರಿಗೂ ಗುದ್ದಿಲ್ಲ. ನನಗೂ ಯಾರೂ ಗುದ್ದಿಲ್ಲ. ಕಲ್ಲು ಬಿದ್ದಿಲ್ಲ, ಕಳ್ಳ ಬಂದಿಲ್ಲ. ನನ್ನ ಕಾರಿನ ಹಿಂದಿನ ಗಾಜು ಒಡೆದದ್ದು ನನ್ನದೇ ಕಾರಿನ ಪಿಕಪ್‌ನಿಂದ.

ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು. ಸ್ವಲ್ಪ ಅಂದರೆ ಸ್ವಲ್ಪವೇ. ಜಾಸ್ತಿ ಹೇಳಲು ಹೊರಟರೆ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ. ಹೊರಗಿನಿಂದ ನೋಡಿದರೆ ನಾಲ್ಕು ಬಾಗಿಲಿನ ಸಾಧು ಸೆಡಾನ್. ಬಾನೆಟ್ ಒಳಗೆ ಟರ್ಬೊ ಎಂಜಿನ್. ಹಿಂದೆ ಸೈಲೆನ್ಸರ್‌ಗೆ ನಾಲ್ಕು ಬಾಯಿ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ಮುಟ್ಟಲು 5 ಸೆಕೆಂಡ್ ಸಾಕು. ಸಸ್ಪೆನ್ಶನ್ ಎಷ್ಟು ಗಟ್ಟಿ ಅಂದರೆ, ರಸ್ತೆಯ ಬಿಳಿ ಗೆರೆ ದಾಟಿದಾಗ ಬಣ್ಣ ಒಂದು ಕೋಟು ಬಳಿದಿದ್ದಾರೋ ಎರಡು ಕೋಟೋ ಅಂತ ಸೊಂಟಕ್ಕೆ ಗೊತ್ತಾಗುತ್ತದೆ.

ಕಾರು ಮನೆಗೆ ಬಂದ ದಿನ ಒಂದು ಮಾತು ಆಡಿದ್ದೆ. "ನೋಡ್ತಿರು, ಇನ್ನು ಮೇಲೆ ಎಲ್ಲರಿಗೂ ಕಾಣೋದು ನಮ್ಮ ಕಾರಿನ ಹಿಂಭಾಗ ಮಾತ್ರ." ಹೆಂಡತಿ ಏನೂ ಹೇಳಲಿಲ್ಲ. ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡಳು.

ಆಮೇಲೆ ಪರದೆ ರಾಡಿನ ದಿನ ಬಂತು. ಏಳಡಿ ಉದ್ದದ ಸ್ಟೀಲ್ ರಾಡು. "ಅಂಗಡಿಯವರೇ ಮನೆಗೆ ತಂದುಕೊಡ್ತಾರಂತೆ ರೀ" ಎಂದಳು. ಇಂಥ ಕಾರು ಇಟ್ಟುಕೊಂಡು ಒಂದು ರಾಡಿಗೆ ಇನ್ನೊಬ್ಬರ ಗಾಡಿ ಯಾಕೆ? ರಾಡನ್ನು ಓರೆಯಾಗಿ ಕಾರಿನೊಳಗೆ ಇಳಿಸಿದೆ. ಒಂದು ತುದಿ ಮುಂದಿನ ಸೀಟಿನಲ್ಲಿ ಅವಳ ಕಾಲ ಹತ್ತಿರ. ಇನ್ನೊಂದು ತುದಿ ಹಿಂದಿನ ಗಾಜಿನ ಕೆಳಗಿರುವ ತಟ್ಟೆಯ ಮೇಲೆ. ಗಾಜಿಗೂ ರಾಡಿಗೂ ನಡುವೆ ಎರಡು ಬೆರಳಿನಷ್ಟು ಜಾಗ. ಅಳತೆ ಮಾಡಿ ತಂದ ಹಾಗೆ ಕೂತಿತು. ರಾಡಿನ ತುದಿಗೆ ಹಾಕುವ ದುಂಡನೆಯ ಟೋಪಿಗಳು ಬೇರೆ ಪೊಟ್ಟಣದಲ್ಲಿ, ನನ್ನ ಜೇಬಿನಲ್ಲಿದ್ದವು. ಈ ವಿವರ ಆಮೇಲೆ ಬಹಳ ಜನ ಕೇಳಿದರು, ಅದಕ್ಕೆ ಈಗಲೇ ಹೇಳಿಬಿಟ್ಟೆ.

ಸಿಗ್ನಲ್‌ನಲ್ಲಿ ನಿಂತಿದ್ದೆವು. ಪಕ್ಕಕ್ಕೆ ಇನ್ನೊಂದು ಕಾರು ಬಂದು ನಿಂತಿತು. ಅದರ ಡ್ರೈವರ್ ನನ್ನ ಕಡೆ ನೋಡಿ ಎಂಜಿನ್‌ ಅನ್ನು ಎರಡು ಸಲ ಗುರ್ ಅನ್ನಿಸಿದ. ನನ್ನ ವಯಸ್ಸಿಗೆ ಇದೆಲ್ಲ ಸಲ್ಲದು. ಗೊತ್ತು. ಹಸಿರು ಬಿತ್ತು. ತುಳಿದೆ.

ಕಾರು ಮುಂದೆ ಹೋಯಿತು. ನಾನು ಮುಂದೆ ಹೋದೆ. ಹೆಂಡತಿ ಸೀಟಿಗೆ ಅಂಟಿಕೊಂಡು ಮುಂದೆ ಬಂದಳು. ರಾಡಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅದು ಪಾಪ ಇದ್ದಲ್ಲೇ ಇತ್ತು. ಹಿಂದಿನ ಗಾಜೇ ಬಂದು ಅದಕ್ಕೆ ಬಡಿಯಿತು. ಹೀಗೇ ಆಗುತ್ತದೆ ಅಂತ ನ್ಯೂಟನ್ 1687ರಲ್ಲೇ ಬರೆದಿಟ್ಟಿದ್ದಾನೆ. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿ ಒಳ್ಳೆ ಅಂಕ ಬೇರೆ ತೆಗೆದಿದ್ದೆ.

ಠಪ್ ಅಂತ ಒಂದೇ ಶಬ್ದ. ಆಮೇಲೆ ಆಲಿಕಲ್ಲು ಮಳೆ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಲೋಕ ಎಂದೂ ಕಾಣದಷ್ಟು ಸ್ವಚ್ಛವಾಗಿ ಕಾಣುತ್ತಿತ್ತು.

ಹೆಂಡತಿ ತಲೆಗೂದಲಿನಿಂದ ಒಂದು ಹರಳು ತೆಗೆದು ಡ್ಯಾಶ್‌ಬೋರ್ಡ್ ಮೇಲಿಟ್ಟಳು. "ಈಗ ನೋಡ್ಲಿ ಬಿಡಿ ಎಲ್ಲರೂ, ಹಿಂಭಾಗಾನ."

ಇಷ್ಟು ದೊಡ್ಡ ಗಾಜು ಒಂದು ಚುಚ್ಚಿಗೆ ಹೀಗೆ ಉದುರುವುದೇ ಅಂತ ನನಗೂ ಅನ್ನಿಸಿತ್ತು. ಮುಂದಿನ ಗಾಜು ಹೀಗಲ್ಲ. ಅದು ಎರಡು ಗಾಜಿನ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸೇರಿಸಿ ಮಾಡಿದ್ದು. ಒಡೆದರೂ ಬಿಟ್ಟುಹೋಗುವುದಿಲ್ಲ, ಒಂದು ಥರ ಹಳೇ ಸಂಸಾರದ ಹಾಗೆ. ನನ್ನ ಕಾರಿನ ಹಿಂದಿನದು, ಬಹುಪಾಲು ಸೆಡಾನ್‌ಗಳ ಹಾಗೆ, ಟೆಂಪರ್ಡ್ ಗಾಜು. ಅದನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ತಣ್ಣನೆ ಗಾಳಿ ಊದುತ್ತಾರೆ. ಹೊರಮೈ ಮೊದಲು ಬಿಗಿಯಾಗುತ್ತದೆ. ಒಳಗಿನದು ಆಮೇಲೆ ಆರುತ್ತಾ ಕುಗ್ಗುತ್ತದೆ, ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೊರಗೆ ಒತ್ತಡ, ಒಳಗೆ ಸೆಳೆತ. ಒಳಗೊಂದು ಹೊರಗೊಂದು ಇಟ್ಟುಕೊಂಡೇ ಅದು ಮಾಮೂಲಿ ಗಾಜಿಗಿಂತ ಸುಮಾರು ನಾಲ್ಕು ಪಟ್ಟು ಗಟ್ಟಿ. ಅಂಗೈಯಲ್ಲಿ ಗುದ್ದಿ, ಏನೂ ಆಗದು. ಅಂಚಿನ ಹತ್ತಿರ ಚೂಪಾದ ಕಬ್ಬಿಣದ ತುದಿ ತಾಗಿಸಿ, ಒಳಗಿನ ಗುಟ್ಟೆಲ್ಲ ಒಂದೇ ಏಟಿಗೆ ಹೊರಗೆ. ಕತ್ತಿಯಂಥ ಚೂರಾಗದೆ ಮೊಂಡು ಹರಳಾಗಿ ಉದುರುವುದೇ ಅದರ ಉಪಕಾರ. ನಮ್ಮಿಬ್ಬರಿಗೂ ಒಂದು ಗೀರೂ ಆಗಲಿಲ್ಲ.

ಇದೇ ಗುಣದ ಗಾಜಿನ ಹನಿಗಳು 17ನೇ ಶತಮಾನದಲ್ಲೇ ಇದ್ದವು. ಕರಗಿದ ಗಾಜನ್ನು ತಣ್ಣೀರಿಗೆ ತೊಟ್ಟಿಕ್ಕಿಸಿ ಮಾಡುತ್ತಿದ್ದರು. ದಪ್ಪ ತಲೆ, ಸಣ್ಣ ಬಾಲ. ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ 1661ರಲ್ಲಿ ಇವನ್ನು ರಾಯಲ್ ಸೊಸೈಟಿಯ ಪಂಡಿತರಿಗೆ ಕೊಟ್ಟು, ಏನಿದು ನೋಡಿ ಅಂದನಂತೆ. ತಲೆಗೆ ಸುತ್ತಿಗೆಯಲ್ಲಿ ಹೊಡೆದರೂ ತಾಳಿಕೊಳ್ಳುತ್ತದೆ. ಬಾಲ ಚಿವುಟಿದರೆ ಇಡೀ ಹನಿ ಪುಡಿಪುಡಿ. ನನ್ನ ಕಾರಿಗೆ ಆದದ್ದೂ ಅದೇ ಅಲ್ವಾ? ಬಾಲದಲ್ಲೇ ಏಟು.

ಗಾಜಿಲ್ಲದ ಮೊದಲ ಐದು ನಿಮಿಷ, ನಿಜ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ಆ ನಾಲ್ಕು ಬಾಯಿಯ ಸೈಲೆನ್ಸರ್ ಎಷ್ಟು ಚೆನ್ನಾಗಿ ಹಾಡುತ್ತದೆ ಅಂತ ಅವತ್ತೇ ಗೊತ್ತಾದದ್ದು. ಹಾಡಿನ ಹಿಂದೆಯೇ ಹೊಗೆ ಬಂತು. ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಮ್ಮಿ ಇರುತ್ತದೆ. ಹೊಗೆ ಅಲ್ಲೇ ಸುತ್ತುತ್ತದೆ, ದಾರಿ ಸಿಕ್ಕರೆ ಒಳಗೇ ಬರುತ್ತದೆ. ಅದಕ್ಕೆ ನಾವು ಬಾಗಿಲಷ್ಟು ದೊಡ್ಡ ದಾರಿ ಬಿಟ್ಟಿದ್ದೆವು. ಈ ಹೊಗೆ ಬರೀ ಕೆಮ್ಮಿನ ವಿಷಯವಲ್ಲ, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಪಕ್ಕದ ಕಿಟಕಿಗಳನ್ನೆಲ್ಲ ಇಳಿಸಿ, ಕೂದಲು ಕೆದರಿಕೊಂಡು, ಹೇಗೋ ಮನೆ ಸೇರಿದೆವು. ದಾರಿಯುದ್ದಕ್ಕೂ ಹಿಂದೆ ಗಾಜಿಲ್ಲ, ಮುಂದೆ ಮಾತಿಲ್ಲ.

ಮನೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಕಿ ಟೇಪು ಅಂಟಿಸಿದೆ. "ಅದ್ಯಾಕೆ, ಪರದೆ ತಂದಿದ್ದೀವಲ್ಲ, ಅದನ್ನೇ ಹಾಕಿ" ಎಂದಳು. ಮಾತು ಶುರುವಾಯಿತಲ್ಲ ಅಂತ ಸಮಾಧಾನ ಪಟ್ಟುಕೊಂಡೆ. ಧೈರ್ಯ ಬಂದು ಒಂದು ಲೆಕ್ಕವನ್ನೂ ಒಪ್ಪಿಸಿದೆ. ಒಂದು ಚದರ ಮೀಟರ್ ಗಾಜು ಒಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ನಾಲ್ಕು ಮಿಲಿಮೀಟರ್ ದಪ್ಪ ಅಂದರೂ ಹತ್ತು ಕಿಲೋ. ಬಿಎಂಡಬ್ಲ್ಯು 2003ರಲ್ಲಿ ಎಂ3 ಸಿಎಸ್‌ಎಲ್ ತಂದಾಗ ತೂಕ ಇಳಿಸಲು ಹಿಂದಿನ ಗಾಜನ್ನು ತೆಳ್ಳಗೆ ಮಾಡಿದ್ದರು. ನಾವು ಪೂರ್ತಿ ತೆಗೆದಿದ್ದೇವೆ, ಅಷ್ಟೇ. ಕಾರು ಈಗ ಇನ್ನೂ ಚುರುಕು.

"ಹಾಗಿದ್ರೆ ಉಳಿದ ಗಾಜೂ ಒಡೀಲಾ?" ಎಂದಳು. ಕೈಯಲ್ಲಿ ರಾಡು ಇತ್ತು.

ಗಾಜು ಹಾಕುವವರಿಗೆ ಫೋನ್ ಮಾಡಿದೆ. "ಗಾಜಿನ ಮೂಲೆಯಲ್ಲಿ ಸಣ್ಣಕ್ಕೆ ಏನೋ ಅಚ್ಚು ಹಾಕಿರ್ತಾರೆ ಸರ್, ಅದರ ಫೋಟೋ ಕಳಿಸಿ" ಎಂದರು. ಅದು ಗಾಜಿನ ಜಾತಕ. ಮಾಡಿದವರು ಯಾರು, ಯಾವ ಬಗೆಯ ಗಾಜು, ಎಲ್ಲ ಅದರಲ್ಲಿ ಇರುತ್ತದೆ. ವೃತ್ತದೊಳಗೆ ಇಂಗ್ಲಿಷಿನ ಇ (E) ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇದ್ದರೆ ಯಾವ ದೇಶ ಒಪ್ಪಿಗೆ ಕೊಟ್ಟಿದೆ ಅಂತಲೂ ತಿಳಿಯುತ್ತದೆ. 1 ಅಂದರೆ ಜರ್ಮನಿ, 2 ಅಂದರೆ ಫ್ರಾನ್ಸ್. ಎಲ್ಲ ಸರಿ. ಆದರೆ ನನ್ನ ಮೂಲೆ ಈಗ ಸಾವಿರಾರು ಹರಳುಗಳಲ್ಲಿ ಒಂದು. ಹಿಂದಿನ ಸೀಟಿನಲ್ಲಿ ಮಂಡಿಯೂರಿ, ಟಾರ್ಚ್ ಹಿಡಿದು, ಒಂದೊಂದೇ ಹರಳು ಎತ್ತಿ ನೋಡುತ್ತಾ ಕೂತೆ. ಒಂದು ಗಂಟೆಯ ಮೇಲೆ ಒಂದು ಹರಳಿನಲ್ಲಿ ಅರ್ಧ ಅಕ್ಷರ ಸಿಕ್ಕಿತು. ಕುಣಿಯುವುದೊಂದು ಬಾಕಿ. ಮತ್ತೆ ಫೋನ್ ಮಾಡಿದರೆ ಅವರು, "ಅಯ್ಯೋ, ಒಡೆದು ಹೋಗಿದ್ರೆ ಬೇಡ ಸರ್. ಚಾಸಿಸ್ ನಂಬರ್ ಹೇಳಿ ಸಾಕು" ಎಂದರು.

ಬಂದ ಗಾಜು ಬೇರೆಯದಾಗಿತ್ತು. ಅಳತೆ ಅದೇ, ಬಾಗು ಅದೇ. ಆದರೆ ಮೇಲಿನ ಗೆರೆಗಳಿಗೆ ಕನೆಕ್ಷನ್ ಇರಲಿಲ್ಲ. ಹಿಂದಿನ ಗಾಜಿನ ಮೇಲೆ ಅಡ್ಡಡ್ಡ ಎಳೆದ ಕಂದು ಗೆರೆಗಳನ್ನು ನೋಡಿರುತ್ತೀರಿ. ಅವು ಬೆಳ್ಳಿ ಬೆರೆಸಿದ ಪೇಸ್ಟಿನಿಂದ ಅಚ್ಚು ಹಾಕಿ ಸುಟ್ಟವು. ಕರೆಂಟು ಹರಿದಾಗ ಬಿಸಿಯಾಗಿ ಗಾಜಿನ ಮೇಲಿನ ಮಂಜು ಕರಗಿಸುತ್ತವೆ. ನನ್ನ ಕಾರಿನಲ್ಲಿ ಮೇಲಿನ ಕೆಲವು ಗೆರೆಗಳು ರೇಡಿಯೋ ಆಂಟೆನಾ ಕೂಡ.

"ರೇಡಿಯೋ ಬೇಡ ಬಿಡಿ, ನಮ್ಮಲ್ಲಿ ಸದ್ಯಕ್ಕೆ ಯಾರೂ ಹಾಡು ಕೇಳೋ ಸ್ಥಿತೀಲಿಲ್ಲ" ಎಂದೆ.

"ನಿಮ್ಮ ಕಾರಿಗೆ ಕೀ ರಿಮೋಟ್ ಸಿಗ್ನಲ್ಲೂ ಇಲ್ಲೇ ಹಿಡಿಯೋದು ಸರ್. ಬಾಗಿಲು ಹೇಗೆ ತೆಗೀತೀರಿ?"

"ಈಗ ಹಿಂದಿನಿಂದ ಕೈ ಹಾಕಿ ತೆಗೀತಿದ್ದೀನಿ."

ಅವರು ನಗಲಿಲ್ಲ. ಗಾಜು ವಾಪಸ್ ಹೋಯಿತು. ಇನ್ನೊಂದು ವಾರ ಪ್ಲಾಸ್ಟಿಕ್ ಹಾಳೆಯೇ ಗತಿ. ಸ್ವಲ್ಪ ವೇಗ ಹೆಚ್ಚಾದರೂ ಅದು ನಗಾರಿ ಬಾರಿಸುತ್ತಿತ್ತು. ಸೈಕಲ್ಲಿನಲ್ಲಿ ಹೋಗುವ ಹುಡುಗರು ಪಕ್ಕಕ್ಕೆ ಬಂದು, ಏನು ಶಬ್ದ ಅಂತ ಬಗ್ಗಿ ನೋಡಿ, ನನ್ನನ್ನು ದಾಟಿ ಹೋಗುತ್ತಿದ್ದರು.

ವಿಮೆಯ ಅರ್ಜಿಯಲ್ಲಿ ಒಂದು ಕಾಲಂ: "ಘಟನೆಯಲ್ಲಿ ಭಾಗಿಯಾದ ಇತರ ವಾಹನ." ಬಹಳ ಹೊತ್ತು ಯೋಚಿಸಿ "ಇಲ್ಲ" ಎಂದು ಬರೆದೆ. ಕೆಳಗೆ: "ಘಟನೆಯನ್ನು ಕಂಡವರು." ಹೆಂಡತಿ ಪೆನ್ನು ಕಿತ್ತುಕೊಂಡು ತನ್ನ ಹೆಸರು ಬರೆದಳು. ವಿವರಕ್ಕೆ ಜಾಗ ಸಾಲದೆ ಬೇರೆ ಹಾಳೆ ಕೇಳಿದಳು.

ಸರಿಯಾದ ಗಾಜು ಬಂತು. ಅದನ್ನು ಕೂರಿಸುವುದು ನೋಡಲು ಚೆಂದ. ನಾನು ಅಂದುಕೊಂಡಿದ್ದು ಹಳೇ ಅಂಟನ್ನೆಲ್ಲ ಕೆರೆದು ಹೊಸದು ಹಚ್ಚುತ್ತಾರೆ ಅಂತ. ಹಾಗಲ್ಲ. ಹಳೇ ಯುರೆಥೇನ್ ಅಂಟನ್ನು ಒಂದೆರಡು ಮಿಲಿಮೀಟರ್ ಉಳಿಸಿ ಸಮವಾಗಿ ಕತ್ತರಿಸುತ್ತಾರೆ. ಹೊಸ ಅಂಟು ಅದರ ಮೇಲೇ ಚೆನ್ನಾಗಿ ಹಿಡಿಯುತ್ತದೆ. ಬಣ್ಣ ಗೀಚಿ ಲೋಹ ಕಂಡ ಕಡೆ ಪ್ರೈಮರ್ ಹಚ್ಚುತ್ತಾರೆ, ಇಲ್ಲದಿದ್ದರೆ ತುಕ್ಕು. ಗಾಜಿನ ಅಂಚಿನ ಕಪ್ಪು ಪಟ್ಟಿಯನ್ನು ನಾನು ಇಷ್ಟು ದಿನ ಬರೀ ಅಲಂಕಾರ ಅಂದುಕೊಂಡಿದ್ದೆ. ಅದು ಅಂಟಿಗೆ ಬಿಸಿಲು ತಾಗದಂತೆ ತಡೆಯುವ ಕೊಡೆ. ಅಂಟನ್ನು ಎಲ್ಲೂ ತುಂಡಾಗದಂತೆ ಒಂದೇ ಎಳೆಯಲ್ಲಿ ಸುತ್ತಲೂ ಹರಿಸಿದರು. ಇಬ್ಬರು ಗಾಜಿಗೆ ಕಚ್ಚಿಕೊಳ್ಳುವ ಹೀರುಬಟ್ಟಲು ಹಿಡಿದು ಗಾಜು ಎತ್ತಿ, ಉಸಿರು ಬಿಗಿಹಿಡಿದು, ಒಂದೇ ಸಲಕ್ಕೆ ಇಳಿಸಿದರು. ನಾನೂ ಉಸಿರು ಬಿಗಿಹಿಡಿದಿದ್ದೆ. ಸುಮ್ನೆ ಸಹಾಯಕ್ಕೆ.

ಹೋಗುವಾಗ ಬುದ್ಧಿ ಹೇಳಿದರು. "ಇವತ್ತು ಪಕ್ಕದ ಗಾಜು ಸ್ವಲ್ಪ ಇಳಿಸೇ ಇರಿ ಸರ್. ಬಾಗಿಲು ಜೋರಾಗಿ ಹಾಕಬೇಡಿ. ಒಳಗಿನ ಗಾಳಿ ಗಾಜನ್ನ ಹೊರಕ್ಕೆ ತಳ್ಳುತ್ತೆ." ಆಮೇಲೆ ನನ್ನ ಮುಖವನ್ನೂ ಕಾರಿನ ನಾಲ್ಕು ಬಾಯಿಯನ್ನೂ ಒಮ್ಮೆ ನೋಡಿ, "ನಿಧಾನಕ್ಕೆ ಓಡ್ಸಿ" ಎಂದರು.

ಮಾರನೆಯ ದಿನ ಬಿಸಿಲಿತ್ತು. ಹೊಸ ಗಾಜು ನೋಡಿಕೊಂಡು ಬರೋಣ ಅಂತ ತಂಪು ಕನ್ನಡಕ ಹಾಕಿಕೊಂಡು ಹೊರಗೆ ಬಂದೆ. ಎದೆ ಧಸಕ್ಕೆಂದಿತು. ಗಾಜಿನ ತುಂಬ ಚಿರತೆಯ ಮೈಯಂತೆ ಚುಕ್ಕೆ! ತಕ್ಷಣ ಫೋನ್ ಮಾಡಿದೆ. "ಹಳೇ ಗಾಜು ಹಾಕಿಬಿಟ್ಟಿದ್ದೀರಿ, ಮೈ ತುಂಬ ಕಲೆ ಇದೆ!"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಸರ್, ಕನ್ನಡಕ ಹಾಕಿದ್ದೀರಾ?"

"ಹೂಂ."

"ತೆಗೀರಿ."

ತೆಗೆದೆ. ಗಾಜು ತಿಳಿನೀರಿನ ಹಾಗಿತ್ತು. ಗಾಜು ಮಾಡುವಾಗ ಗಾಳಿ ಊದಿದ ಕಡೆಯ ಬಿಗಿತ ಪೋಲರೈಸ್ಡ್ ಕನ್ನಡಕಕ್ಕೆ ಹೀಗೆ ಚುಕ್ಕೆಯಾಗಿ ಕಾಣುತ್ತದಂತೆ. ಒಡೆದು ಹೋದ ಗಾಜಿನಲ್ಲೂ ಇದು ಇದ್ದಿರಬೇಕು. ನಾನು ಎಂದೂ ಕಾರಿನ ಹಿಂದೆ ನಿಂತು ನೋಡಿದವನಲ್ಲ.

ಹರಳುಗಳದ್ದು ಮಾತ್ರ ಮುಗಿಯದ ಕಥೆ. ನಾಲ್ಕು ಸಲ ವ್ಯಾಕ್ಯೂಮ್ ಹಾಕಿದ್ದೇನೆ. ಸೀಟಿನ ಮಡಿಕೆ, ಸ್ಪೀಕರ್ ಜಾಲರಿ, ಸ್ಟೆಪ್ನಿ ಗುಂಡಿ, ಎಲ್ಲ ಕಡೆಯಿಂದ ಬಂದವು. ಒಂದು ದಿನ ಸೀಟ್ ಬೆಲ್ಟ್ ಕೂರಲೇ ಇಲ್ಲ, ಬಕಲ್ ಒಳಗೊಂದು ಸಿಕ್ಕಿಕೊಂಡಿತ್ತು. ಈಗ ಉಳಿದಿರುವುದು ಒಂದೇ ಒಂದು. ಎಲ್ಲಿದೆ ಅಂತ ಗೊತ್ತಿಲ್ಲ. ಜೋರಾಗಿ ತುಳಿದರೆ ಉರುಳುತ್ತಾ ಹಿಂದಕ್ಕೆ ಹೋಗಿ ಟಿಕ್ ಅನ್ನುತ್ತದೆ. ಬ್ರೇಕ್ ಹಾಕಿದರೆ ಮುಂದೆ ಬಂದು ಟಿಕ್. ಒಂದೊಂದು ಟಿಕ್‌ಗೂ ಹೆಂಡತಿ ನನ್ನ ಕಡೆ ನೋಡುವುದಿಲ್ಲ. ಹೊರಗೆ ನೋಡುತ್ತಾಳೆ. ಅದು ಇನ್ನೂ ಕಷ್ಟ.

ಮೊನ್ನೆ ಅದೇ ಸಿಗ್ನಲ್‌ನಲ್ಲಿ ನಿಂತಿದ್ದೆವು. ಪಕ್ಕದಲ್ಲೊಬ್ಬ ಬಂದು ಎಂಜಿನ್‌ ಅನ್ನು ಗುರ್ ಅನ್ನಿಸಿದ. ಹಸಿರು ಬಿತ್ತು. ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಮೆಲ್ಲಗೆ ತುಳಿದೆ. ಟಿಕ್ ಅನ್ನಲಿಲ್ಲ. ಅವನು ಬುರ್ ಅಂತ ಮುಂದೆ ಹೋದ. ನಾನು ಅವನ ಕಾರಿನ ಹಿಂಭಾಗ ನೋಡುತ್ತಾ ಹೋದೆ. ಒಳ್ಳೇ ಗಾಜು. ಮೂಲೆಯಲ್ಲಿ ಅಚ್ಚೂ ಇತ್ತು.