ಚಿಕ್ಕಪ್ಪನ ಕಾಯಿಲೆ, ತಂಗಿಯ ಸಂಬಂಧ

ನಮ್ಮ ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ ಇದೆ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಮನಸ್ಸಿನ ಕಾಯಿಲೆ. ಹೀಗೆ ಎಲ್ಲರಿಗೂ ಕಾಣುವ ಹಾಗೆ ಬರೆದದ್ದಕ್ಕೆ ಮನೆಯಲ್ಲಿ ಒಬ್ಬಿಬ್ಬರು ಮುಖ ಊದಿಸಿಕೊಳ್ಳುತ್ತಾರೆ, ಇರಲಿ. ಚಿಕ್ಕಪ್ಪನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿಯಮ್ಮ, ನನ್ನ ಫೋಟೋ ಮಾತ್ರ ಹಾಕಬೇಡ" ಎಂದರು.

ವಿಷಯ ಏನಪ್ಪಾ ಅಂದರೆ, ತಂಗಿಗೆ ಒಂದು ಸಂಬಂಧ ಬಂದಿತ್ತು. ವಿಜಯನಗರದವರು. ಹುಡುಗನಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ. ಜಾತಕ ಕೂಡಿತ್ತು, ಹುಡುಗ ಹುಡುಗಿ ಹೊರಗೆ ಕಾಫಿಗೂ ಹೋಗಿ ಬಂದಿದ್ದರು. ಅಷ್ಟರಲ್ಲಿ ಯಾರೋ ಚಿಕ್ಕಪ್ಪನ ವಿಷಯ ಅವರ ಕಿವಿಗೆ ಹಾಕಿದರು. ಹುಡುಗನ ತಾಯಿ ಫೋನ್ ಮಾಡಿ, ಮರ್ಯಾದೆಯಾಗಿಯೇ, "ನಿಮ್ಮ ಮನೆತನದಲ್ಲಿ ಅದು ಇದೆಯಂತಲ್ಲಾ, ನಾಳೆ ಮೊಮ್ಮಕ್ಕಳಿಗೆ ಬಂದುಬಿಟ್ಟರೆ?" ಎಂದರು. ಅಮ್ಮ ಏನೂ ಹೇಳಲಾಗದೆ ಫೋನ್ ಇಟ್ಟರು. ಒಲೆ ಮೇಲಿನ ಒಗ್ಗರಣೆ ಸೀದುಹೋಗಿತ್ತು.

ಆಮೇಲೆ ಗೊತ್ತಾಯಿತು, ಆ ತಾಯಿ ಮದುವೆಯಾಗಿರುವುದು ತಮ್ಮ ಸ್ವಂತ ಸೋದರಮಾವನನ್ನು.

ಅಣಕಿಸಲು ಹೇಳುತ್ತಿಲ್ಲ. ನಮ್ಮ ಅಜ್ಜಿ ತಾತ ಕೂಡ ಅತ್ತೆ ಮಾವನ ಮಕ್ಕಳೇ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಸುಮಾರು ಕಾಲು ಭಾಗದವರದ್ದು ಈಗಲೂ ಸಂಬಂಧದೊಳಗಿನ ಮದುವೆ. ಆದರೆ ಜೀನ್‌ಗೆ ಹೆದರುವುದೇ ಆದರೆ ಲೆಕ್ಕ ಸರಿಯಾಗಿ ಹಾಕೋಣ, ಅಲ್ವಾ?

ಸ್ಕಿಜೋಫ್ರೇನಿಯಾ ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬರುತ್ತದೆ. ಅಪ್ಪನಿಗೋ ಅಮ್ಮನಿಗೋ, ಒಡಹುಟ್ಟಿದವರಿಗೋ ಇದ್ದರೆ ಅದು ನೂರಕ್ಕೆ ಹತ್ತರ ಆಸುಪಾಸಿಗೆ ಏರುತ್ತದೆ. ಚಿಕ್ಕಪ್ಪನಿಗಿದ್ದರೆ ಮೂರು ನಾಲ್ಕು. ಇನ್ನು ತಂಗಿಗೆ ಹುಟ್ಟುವ ಮಗುವಿನ ಹೊತ್ತಿಗೆ ಈ ಲೆಕ್ಕ ಊರಿನ ಎಲ್ಲ ಮಕ್ಕಳ ಲೆಕ್ಕದ ಹತ್ತಿರಕ್ಕೆ ಬಂದುಬಿಡುತ್ತದೆ. ಅಂದರೆ ಆ ಅಮ್ಮನಿಗೆ ಹುಟ್ಟಿದ ಭಯಕ್ಕೆ ದೊಡ್ಡ ಬುಡವೇನೂ ಇಲ್ಲ.

ಸೋದರಮಾವನ ಲೆಕ್ಕ ಬೇರೆ. ನಮ್ಮೆಲ್ಲರಲ್ಲೂ ಕೆಟ್ಟುಹೋದ ಜೀನ್‌ಗಳು ಕೆಲವು ಇದ್ದೇ ಇರುತ್ತವೆ. ಜೋಡಿಯಲ್ಲಿರುವ ಇನ್ನೊಂದು ಪ್ರತಿ ಸರಿಯಿರುವುದರಿಂದ ಅವು ಸುಮ್ನೆ ಬಿದ್ದಿರುತ್ತವೆ. ಗಂಡ ಹೆಂಡತಿ ಒಂದೇ ರಕ್ತದವರಾದರೆ ಇಬ್ಬರ ಹತ್ತಿರವೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಜಾಸ್ತಿ. ಎರಡೂ ಮಗುವಿಗೆ ಬಂದರೆ ಕಾಯಿಲೆ ಹೊರಬೀಳುತ್ತದೆ. ಬುದ್ಧಿ ಬೆಳವಣಿಗೆ ಕುಂಠಿತವಾಗುವ ಎಷ್ಟೋ ಕಾಯಿಲೆಗಳು ಈ ದಾರಿಯಲ್ಲೇ ಬರುವುದು. ಯಾವುದೇ ಮದುವೆಯಲ್ಲಿ ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ದೊಡ್ಡ ತೊಂದರೆ ಇರುತ್ತದೆ. ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು ದುಪ್ಪಟ್ಟು, ಸೋದರಮಾವನಾದರೆ ಇನ್ನೂ ತುಸು ಮೇಲೆ. ಆಗಲೂ ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ, ಹೆದರಬೇಡಿ. ಆದರೆ ನಾವು ಪಕ್ಕದ ಮನೆಯ ರಕ್ತಕ್ಕೆ ಹೆದರುತ್ತೇವೆ, ನಮ್ಮದೇ ರಕ್ತಕ್ಕೆ ಹೆದರುವುದಿಲ್ಲ.

ಚಿಕ್ಕಪ್ಪನಿಗೇ ಯಾಕೆ ಬಂತು, ಅಪ್ಪನಿಗೆ ಯಾಕೆ ಬರಲಿಲ್ಲ? ಒಂದೇ ಮನೆ, ಒಂದೇ ಊಟ, ಒಂದೇ ಶಾಲೆ. ಡಿಗ್ರಿ ಎರಡನೇ ವರ್ಷದಲ್ಲಿ ಚಿಕ್ಕಪ್ಪ ರೇಡಿಯೋದಲ್ಲಿ ತಮ್ಮ ಹೆಸರು ಹೇಳುತ್ತಿದ್ದಾರೆ ಎನ್ನಲು ಶುರುಮಾಡಿದರಂತೆ. ಅಜ್ಜಿ ಇವತ್ತಿಗೂ ಹೇಳುವುದು ಹೆರಿಗೆಯ ಕಥೆ. ಎರಡು ದಿನ ನೋವು ತಿಂದರಂತೆ, ಮಗು ಹುಟ್ಟಿದ ತಕ್ಷಣ ಅಳಲಿಲ್ಲವಂತೆ. ಪ್ರತಿ ಸಲವೂ ತಪ್ಪೊಪ್ಪಿಕೊಳ್ಳುವವರ ದನಿಯಲ್ಲೇ ಹೇಳುತ್ತಾರೆ. ಕಷ್ಟದ ಹೆರಿಗೆ ಈ ಕಾಯಿಲೆಯ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುತ್ತದೆ ಎನ್ನುವುದು ನಿಜ. ಆದರೆ ಹಾಗೆ ಹುಟ್ಟಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಏನೂ ಆಗದೆ ಬೆಳೆಯುತ್ತಾರೆ. ಅಜ್ಜಿಗೆ ಇದನ್ನು ಎಷ್ಟು ಸಲ ಹೇಳಿದರೂ ತಲೆಯಾಡಿಸಿ ಮತ್ತೆ ಅದೇ ಕಥೆಗೆ ಹೋಗುತ್ತಾರೆ.

ಅವಳಿಗಳ ವಿಷಯ ನೋಡಿ. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಆದರೂ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬಂದರೆ ಇನ್ನೊಬ್ಬರಿಗೂ ಬರುವುದು ಅರ್ಧದಷ್ಟು ಸಲವೂ ಇಲ್ಲ. 2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಈ ಕಾಯಿಲೆಗೆ ನಂಟಿರುವ ಜಾಗಗಳು ನಮ್ಮ ಜೀನ್‌ಗಳ ಉದ್ದಕ್ಕೂ 287 ಕಡೆ ಸಿಕ್ಕವು. ಒಂದೊಂದರ ಬೆಲೆಯೂ ಹತ್ತು ಪೈಸೆಯಷ್ಟು. ನನ್ನಲ್ಲೂ ಕೆಲವು ಇರುತ್ತವೆ, ನಿಮ್ಮಲ್ಲೂ, ವಿಜಯನಗರದ ಆ ಹುಡುಗನಲ್ಲೂ. ನಮ್ಮ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಆಸ್ಪತ್ರೆ ಮತ್ತು ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದವರು ಸೇರಿ ಇಂಥ ಕಾಯಿಲೆ ಹಲವರಿಗೆ ಬಂದಿರುವ ಕುಟುಂಬಗಳನ್ನು ಗುರುತಿಸಿ, ಕಾಯಿಲೆ ಬಂದವರದ್ದೂ ಬಾರದವರದ್ದೂ ರಕ್ತ ತೆಗೆದುಕೊಂಡು, ಅದರಿಂದ ಲ್ಯಾಬಿನಲ್ಲಿ ನರಕೋಶ ಬೆಳೆಸಿ ನೋಡುತ್ತಿದ್ದಾರೆ. ನಮ್ಮ ಮನೆಯ ಪ್ರಶ್ನೆಯನ್ನೇ ಅವರೂ ಕೇಳುತ್ತಿರುವುದು.

ಇನ್ನು ವಾತಾವರಣ. ಈ ಮಾತು ಬಂದ ಕೂಡಲೇ ನಮ್ಮವರಿಗೆ ನೆನಪಾಗುವುದು ತಾಯಿ.

ಗೆಳತಿಯೊಬ್ಬಳ ಮಗನಿಗೆ ಆಟಿಸಂ. ಥೆರಪಿಗೆ ಅವಳ ಜೊತೆ ನಾನೂ ಆಗಾಗ ಹೋಗುತ್ತೇನೆ. ಒಳಗೆ ಕರೆಯುವವರೆಗೂ ಅವನು ಹೊರಗೆ ಬಿಟ್ಟಿರುವ ಚಪ್ಪಲಿಗಳನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸುತ್ತಾನೆ. ಕಪ್ಪು, ಕಂದು, ಆಮೇಲೆ ಹವಾಯಿ ನೀಲಿ. ಮಧ್ಯದಿಂದ ಯಾರಾದರೂ ತಮ್ಮ ಚಪ್ಪಲಿ ಹಾಕಿಕೊಂಡು ಹೊರಟರೆ ಕಿರುಚಾಟ. ಒಂದು ದಿನ ಅವಳ ಅತ್ತೆಯೂ ಬಂದಿದ್ದರು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಅಪರಿಚಿತರ ಹತ್ತಿರ, ಸೊಸೆಗೆ ಕೇಳಿಸುವ ಹಾಗೆಯೇ, "ಇವಳು ಲ್ಯಾಪ್‌ಟಾಪ್ ಹಿಡಕೊಂಡು ಕೂತಳು, ಮಗೂಗೆ ಮೊಬೈಲ್ ಕೊಟ್ಟಳು, ಇನ್ನೇನಾಗತ್ತೆ ಹೇಳಿ" ಎಂದರು. ಪಕ್ಕದವರು "ಹೌದು, ಈಗಿನವರು ಹಾಗೇ" ಎಂದು ತಾಳ ಹಾಕಿದರು. ಅವರ ಕೈಯಲ್ಲೂ ಮೊಬೈಲ್ ಇತ್ತು ಅನ್ನಿ.

ಮೊಬೈಲ್ ಜಾಸ್ತಿ ನೋಡಿದರೆ ಮಗುವಿನ ಮಾತು ತಡವಾಗಬಹುದು. ಹಾಗಂತ ಆಟಿಸಂ ಮೊಬೈಲಿನಿಂದ ಬರುವುದಿಲ್ಲ. ಅದರ ಬೇರು ಹೆಚ್ಚಾಗಿ ಮಗು ಹೊಟ್ಟೆಯಲ್ಲಿರುವಾಗಲೇ ಇರುತ್ತದೆ. ತಾಯಿಯನ್ನು ದೂರುವ ಚಾಳಿ ನಮ್ಮದೊಂದೇ ಅಲ್ಲ. 1950-60ರ ದಶಕದ ಅಮೆರಿಕದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ ತಾಯಿಗೆ ಪ್ರೀತಿ ಕಡಿಮೆಯಾಗಿ ಮಗುವಿಗೆ ಆಟಿಸಂ ಬಂತು ಎನ್ನುತ್ತಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ 21 ಜೋಡಿ ಅವಳಿಗಳನ್ನು ಪರೀಕ್ಷಿಸಿ ಇದರಲ್ಲಿ ಜೀನ್‌ಗಳ ಪಾಲು ದೊಡ್ಡದು ಎಂದು ತೋರಿಸಿದ ಮೇಲೆ ಆ ಮಾತು ಕಳಚುತ್ತಾ ಹೋಯಿತು. ಲಸಿಕೆಯಿಂದ ಆಟಿಸಂ ಎಂದು ಹೇಳಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿದೆ. ಅದರ ಬಗ್ಗೆ ಇಷ್ಟು ಸಾಕು.

ಜೀನ್ ಅಂದಮಾತ್ರಕ್ಕೆ ತಾತ ಮುತ್ತಾತರನ್ನು ಎಳೆದು ತರಬೇಕಾಗಿಯೂ ಇಲ್ಲ. ಬುದ್ಧಿ ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಎಳೆ, ಒಂದು ಹೆಚ್ಚಿಗೆ ಇರುತ್ತದೆ. ಬಹುಪಾಲು ಅದು ಆ ಮಗುವಿನಲ್ಲೇ ಹೊಸದಾಗಿ ಆದದ್ದು, ಮನೆಯಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ. ಗಂಡಸಿಗೆ ವಯಸ್ಸಾದ ಹಾಗೆ ವೀರ್ಯದಲ್ಲಿ ಹೊಸ ಬದಲಾವಣೆಗಳು ಸೇರುತ್ತಾ ಹೋಗುತ್ತವೆ. ವರ್ಷಕ್ಕೆ ಸುಮಾರು ಎರಡು ಎಂದು ಐಸ್‌ಲ್ಯಾಂಡಿನವರು 2012ರಲ್ಲಿ ಲೆಕ್ಕ ಹಾಕಿದರು. ಅದರಿಂದ ಆಟಿಸಂ, ಸ್ಕಿಜೋಫ್ರೇನಿಯಾ ಸಾಧ್ಯತೆ ತುಸುವೇ ಏರುತ್ತದೆ, ಗಾಬರಿಯಾಗುವಷ್ಟಲ್ಲ. ಆದರೆ ನಲವತ್ತರ ವರನನ್ನು "ಸೆಟಲ್ ಆಗಿದ್ದಾನೆ" ಎಂದು ಹೊಗಳುವ ನಾವು ಮೂವತ್ತರ ಹುಡುಗಿಗೆ "ವಯಸ್ಸಾಯಿತು" ಎನ್ನುತ್ತೇವಲ್ಲ, ಅದಕ್ಕೆ ಹೇಳಿದೆ.

ಹಾಗಾದರೆ ವಾತಾವರಣ ಅಂದರೆ ಯಾವುದು? 1944-45ರ ಚಳಿಗಾಲದಲ್ಲಿ ಜರ್ಮನ್ನರು ಆಹಾರ ತಡೆದಾಗ ಹಾಲೆಂಡಿನ ಪಶ್ಚಿಮ ಭಾಗ ಹಸಿವಿನಿಂದ ಒದ್ದಾಡಿತು. ಆ ಬರ ತೀರಾ ಜೋರಾಗಿದ್ದಾಗ ಗರ್ಭ ಕಟ್ಟಿದ ಮಕ್ಕಳಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಸುಮಾರು ದುಪ್ಪಟ್ಟು ಕಂಡಿತು. 1959-61ರ ಚೀನಾದ ಕ್ಷಾಮದಲ್ಲೂ ಅದೇ ಕಥೆ. ಬಸುರಿಗೆ ರುಬೆಲ್ಲಾ ಬಂದರೆ, ಅಯೋಡಿನ್ ಸಾಲದಿದ್ದರೆ, ಮಗುವಿನ ಮೈಗೆ ಸೀಸ ಸೇರಿದರೆ ಮೆದುಳಿಗೆ ಪೆಟ್ಟು. ನಮ್ಮ ಪೆಟ್ರೋಲಿನಲ್ಲಿ 2000ದವರೆಗೂ ಸೀಸ ಇತ್ತು. ಇದರಲ್ಲಿ ತಾಯಿಯ ತಪ್ಪು ಎಲ್ಲಿದೆ? ಮನೆಯೊಳಗಿನ ನೆಮ್ಮದಿಗೆ ಬೆಲೆಯೇ ಇಲ್ಲ ಎನ್ನುವ ಹಾಗೂ ಇಲ್ಲ. ಫಿನ್‌ಲ್ಯಾಂಡಿನಲ್ಲಿ ಸ್ಕಿಜೋಫ್ರೇನಿಯಾ ಇದ್ದ ತಾಯಂದಿರ ಮಕ್ಕಳು ದತ್ತು ಹೋದ ಮನೆಗಳನ್ನು ವರ್ಷಗಟ್ಟಲೆ ಗಮನಿಸಿದರು. ಜಗಳ ಗೊಂದಲದ ಮನೆ ಸೇರಿದವರಲ್ಲಿ ಕಾಯಿಲೆ ಜಾಸ್ತಿ, ಸಮಾಧಾನದ ಮನೆ ಸೇರಿದವರಲ್ಲಿ ಬಹಳ ಕಡಿಮೆ. ಅಂಥದೇ ಜಗಳದ ಮನೆಗಳಲ್ಲಿ, ಆ ಜೀನ್ ಹೊರೆ ಇಲ್ಲದ ಮಕ್ಕಳಿಗೆ ಅಷ್ಟು ಏಟು ಬೀಳಲಿಲ್ಲ. ಎರಡೂ ಸೇರಿದಾಗಲೇ ಕಷ್ಟ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಪಿಕೆಯು ಎಂಬ ಕಾಯಿಲೆ. ನಾರ್ವೆಯ ಫೋಲಿಂಗ್ ಎಂಬ ಡಾಕ್ಟರ್ 1934ರಲ್ಲಿ ಇದನ್ನು ಕಂಡುಹಿಡಿದರು. ಕೆಡುವುದು ಒಂದೇ ಜೀನ್, ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದಿರಬೇಕು. ಆಗ ಪ್ರೋಟೀನಿನಲ್ಲಿರುವ ಒಂದು ಅಂಶ ಮೈಯಲ್ಲಿ ಕರಗದೆ ಸೇರಿಕೊಂಡು ಮೆದುಳನ್ನು ಹಾಳುಮಾಡುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆ ಹಚ್ಚಿ ಆ ಅಂಶ ಕಡಿಮೆ ಇರುವ ಆಹಾರ ಕೊಟ್ಟರೆ ಮಗು ಎಲ್ಲರ ಹಾಗೆ ಬೆಳೆಯುತ್ತದೆ. ಜೀನ್ ಹಾಗೇ ಇರುತ್ತದೆ, ತಟ್ಟೆ ಬದಲಾಗುತ್ತದೆ. 1980ರ ದಶಕದಲ್ಲೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಎನ್. ಅಪ್ಪಾಜಿ ರಾವ್ ಅವರ ತಂಡ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ಹಸುಗೂಸುಗಳ ರಕ್ತವನ್ನು ಇಂಥ ಕಾಯಿಲೆಗಳಿಗಾಗಿ ಪರೀಕ್ಷಿಸಿತ್ತು. ಅಷ್ಟು ಹಿಂದೆಯೇ ನಮ್ಮೂರಲ್ಲಿ ನಡೆದ ಕೆಲಸ ಇವತ್ತಿಗೂ ಎಲ್ಲ ಹೆರಿಗೆ ಆಸ್ಪತ್ರೆಗಳ ಅಭ್ಯಾಸವಾಗಿಲ್ಲ ಎನ್ನುವುದೇ ನನ್ನ ಸಿಟ್ಟು.

ಆದ್ದರಿಂದ ಮನೆಯಲ್ಲಿ ಬಸುರಿಯರಿದ್ದರೆ ಮನೆತನದ ವಿಚಾರಣೆ ಪಕ್ಕಕ್ಕಿಟ್ಟು ಇಷ್ಟು ಮಾಡಿ. ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮಗು ಹುಟ್ಟಿದ ಮೇಲೆ ಹಿಮ್ಮಡಿಯಿಂದ ರಕ್ತ ತೆಗೆದು ಮಾಡುವ ಪರೀಕ್ಷೆ ನಿಮ್ಮ ಆಸ್ಪತ್ರೆಯಲ್ಲಿದೆಯಾ ಎಂದು ಬಾಯಿಬಿಟ್ಟು ಕೇಳಿ. ಅದರಲ್ಲಿ ಥೈರಾಯ್ಡ್ ಕೊರತೆ ಸಿಕ್ಕರೆ ದಿನಕ್ಕೊಂದು ಮಾತ್ರೆಯಲ್ಲಿ ಮಗುವಿನ ಬುದ್ಧಿ ಉಳಿಯುತ್ತದೆ. ಸಂಬಂಧದಲ್ಲೇ ಮದುವೆ ನಿಶ್ಚಯವಾಗಿದ್ದರೆ ಮೊದಲೇ ಜೆನೆಟಿಕ್ ಕೌನ್ಸೆಲಿಂಗ್‌ಗೆ, ಅಂದರೆ ಮಕ್ಕಳಿಗೆ ಬರಬಹುದಾದ ಕಾಯಿಲೆಗಳ ಲೆಕ್ಕ ಬಿಡಿಸಿ ಹೇಳುವವರ ಹತ್ತಿರ, ಹೋಗಿ ಬನ್ನಿ. ಮದುವೆ ಆಗುವ ಹುಡುಗಿ ಫಿಟ್ಸ್‌ಗೋ ಬೈಪೋಲಾರ್ ಎಂಬ ಮನಸ್ಸಿನ ಏರಿಳಿತದ ಕಾಯಿಲೆಗೋ ವ್ಯಾಲ್‌ಪ್ರೋಯೇಟ್ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಬಸುರಾಗುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ಹೊಟ್ಟೆಯಲ್ಲಿರುವ ಮಗುವಿಗೆ ಆ ಔಷಧಿಯಿಂದ ಅಪಾಯವಿದೆ, ಬದಲಿ ಔಷಧಿಗಳೂ ಇವೆ. ಅತ್ತೆ ಮನೆಯವರಿಗೆ ಗೊತ್ತಾಗುತ್ತದೆ ಎಂದು ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರನ್ನು ನೋಡಿದ್ದೇನೆ. ಹಾಗೆ ಮಾತ್ರ ಮಾಡಬೇಡಿ, ಥಟ್ಟನೆ ನಿಲ್ಲಿಸಿ ಫಿಟ್ಸ್ ಬಂದರೆ ಜೀವಕ್ಕೇ ಅಪಾಯ.